ಬದುಕಿರುವ ತಂದೆಗೆ ಬಿಳಿ ಬಟ್ಟೆ

ಪಖೇಟಾ ಶಿಕ್ಷಾ ಪರಾಮರ್ಶ ಕೇಂದ್ರದ ಈ ವಿದಾಯ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ವಾರ್ಡಿನ ಅಧ್ಯಕ್ಷರೇ, ಕೇಂದ್ರದ ನಿರ್ದೇಶಕರೂ, ವೀಸಾ ಸಂದರ್ಶನದ ಗುರುಗಳೂ, ಭರತ್‌ಪುರದ ಈ ಶ್ರಾವಣದ ಸೆಕೆಯಲ್ಲೂ ಟೈ ಬಿಚ್ಚದ ಧೀರರೂ ಆದ ಶ್ರೀ ಋಷಭ್ ಸಿಗ್ದೇಲ್ ಸರ್ ಅವರೇ, ಮುಂದಿನ ಸಾಲಿನಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ಕುಳಿತಿರುವ ಅಮೆರಿಕದ ವಿದ್ಯಾರ್ಥಿಗಳೇ, ಅವರನ್ನು ಹೆತ್ತ ತಪ್ಪಿಗೆ ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಂದೆ ತಾಯಂದಿರೇ, ಇವನ ಮಾತು ಮುಗಿದರೆ ಸಾಕು ಊಟಕ್ಕೆ ಏಳೋಣ ಎಂದು ಕಾದಿರುವ ಸಭಿಕರೇ,

ನನಗೆ ಎರಡು ಮಾತು ಹೇಳಬೇಕೆಂದು ಕೇಳಿಕೊಂಡಿದ್ದಾರೆ. ಎರಡು ಮಾತು, ಎರಡು ಶ್ಲೋಕ, ಆಮೇಲೆ ಹಣೆಗೆ ಟೀಕಾ. ಇಗೋ, ಮೊಸರು, ಅಕ್ಕಿ, ಕೆಂಪು ಕಲಸಿದ ತಟ್ಟೆ ನನ್ನ ಮುಂದೆಯೇ ಇದೆ. ಇದನ್ನು ಮೊದಲು ನಾನು ನನ್ನ ಮಗ ನಿರಾಜನ್‌ನ ಹಣೆಗಿಟ್ಟು ಆಶೀರ್ವಾದ ಮಾಡಬೇಕು, ಆಮೇಲೆ ಉಳಿದ ತಂದೆಯರು ತಮ್ಮ ತಮ್ಮ ಮಕ್ಕಳಿಗೆ ಇಡಬೇಕು. ಪಂಡಿತನ ಕೈಯಿಂದ ಶುರುವಾದರೆ ಶುಭ ಎಂದು ಸಿಗ್ದೇಲ್ ಸರ್ ಅವರ ಲೆಕ್ಕಾಚಾರ. ನನ್ನ ಮಗ ಈ ಶುಕ್ರವಾರ ವಿಮಾನ ಹತ್ತುವವನಿದ್ದಾನೆ. ಈ ಟೀಕಾ ಅವನ ಹಣೆಗೆ ಬೀಳುತ್ತದೋ ಇಲ್ಲವೋ ಎಂಬುದು ನನ್ನ ಮಾತು ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಸಿಗ್ದೇಲ್ ಸರ್ ನಗುತ್ತಿದ್ದಾರೆ. ಪಂಡಿತ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದಾರೆ. ನಗಲಿ.

ನಾನು ಯಾರೆಂದು ಇಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಹೋಮನಾಥ ರಿಜಾಲ್. ದೇವಘಾಟದಲ್ಲಿ ನದಿಯ ದಡದ ಮೇಲೆ ಸತ್ತವರ ಕ್ರಿಯೆ ಮಾಡಿಸುವ ಬ್ರಾಹ್ಮಣ. ಈ ಸಭೆಯಲ್ಲಿ ಕುಳಿತಿರುವ ಅರ್ಧ ಜನರ ಅಪ್ಪಂದಿರನ್ನೂ ಅಜ್ಜಂದಿರನ್ನೂ ಆಚೆ ದಡಕ್ಕೆ ದಾಟಿಸಿದವನು ನಾನೇ. ನೀವು ಮದುವೆಗೆ ನನ್ನನ್ನು ಕರೆಯುವುದಿಲ್ಲ, ಅದಕ್ಕೆ ಬೇರೆ ಪಂಡಿತರಿದ್ದಾರೆ, ಅವರ ಹತ್ತಿರ ಕಾರಿದೆ. ನನ್ನನ್ನು ನೀವು ಅಳುತ್ತಾ ಕರೆಯುತ್ತೀರಿ. ನಾನು ಬಂದು ನಿಮ್ಮ ಮಗನ ತಲೆ ಬೋಳಿಸುತ್ತೇನೆ, ಹದಿಮೂರು ದಿನ ಮೂಲೆಯಲ್ಲಿ ಕೂರಿಸುತ್ತೇನೆ, ಆಮೇಲೆ ಒಂದು ವರ್ಷದ ಬರಖಿಗೆ ಅವನ ಮೈಮೇಲೆ ಬಿಳಿ ಬಟ್ಟೆ ಹಾಕುತ್ತೇನೆ. ಬಿಳಿ ಅಂಗಿ, ಬಿಳಿ ಟೋಪಿ, ಬಿಳಿ ಬಟ್ಟೆಯ ಬೂಟು. ಆ ವರ್ಷ ಅವನಿಗೆ ಹಬ್ಬವಿಲ್ಲ, ಹಣೆಗೆ ಟೀಕಾ ಇಲ್ಲ. ತಾಯಿ ಹೋದರೆ ಹಾಲು ಕುಡಿಯುವುದು ಬಿಡಬೇಕು, ತಂದೆ ಹೋದರೆ ಮೊಸರು ತಿನ್ನುವುದು ಬಿಡಬೇಕು. ಇದು ನನಗೂ ನಿಮಗೂ ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ. ಗೊತ್ತಿಲ್ಲದವರೊಬ್ಬರು ಈ ವೇದಿಕೆಯ ಮೇಲಿದ್ದಾರೆ.

ಅಮೆರಿಕಕ್ಕೆ ಹೋಗುವ ತಯಾರಿ ಎಂದರೆ ಏನು? ನನ್ನನ್ನು ಕೇಳಿ, ಎರಡು ವರ್ಷದಿಂದ ನನ್ನ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮೊದಲು ಇಂಗ್ಲಿಷ್ ಪರೀಕ್ಷೆ. ಹುಡುಗ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಓಡಾಡಿದ. ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ, ಆದರೆ ಲಂಡನ್ನಿನಲ್ಲಿ ಯಾರೋ ಹೆಂಗಸು ಗ್ರಂಥಾಲಯಕ್ಕೆ ದಾರಿ ಕೇಳಿದ್ದು ಕೇಳಿಸುತ್ತಿತ್ತು. ಆಮೇಲೆ ಕಾಲೇಜು. ಅರ್ಕಾನ್ಸಾ ಎಂಬ ಊರಿನ ಕಾಲೇಜು. ಆ ಹೆಸರು ನನ್ನ ಬಾಯಿಗೆ ಹತ್ತಲು ಒಂದು ತಿಂಗಳು ಬೇಕಾಯಿತು, ಹತ್ತಿದ ಮೇಲೆ ನಾನು ಬಿಡಲಿಲ್ಲ. ನದಿಯ ದಡದಲ್ಲಿ ಪಿಂಡ ಇಡಿಸುತ್ತಾ ಯಜಮಾನರಿಗೆ ಹೇಳುತ್ತಿದ್ದೆ, ಎಡಕ್ಕೆ ತಿರುಗಿ, ಎಳ್ಳು ಬಿಡಿ, ನನ್ನ ಮಗನಿಗೆ ಅರ್ಕಾನ್ಸಾದಿಂದ ಪತ್ರ ಬಂದಿದೆ. ಪಾಪ, ಅವರು ಅಳುವುದನ್ನು ನಿಲ್ಲಿಸಿ ಹೌದಾ ಪಂಡಿತ್ ಬಾ ಎಂದು, ಅಪ್ಪನಿಗೆ ಹೇಳುವ 'ಬಾ' ಸೇರಿಸಿ, ಕೇಳುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನದು ಹೆಗ್ಗಣವಲ್ಲ, ಬುದ್ಧಿವಂತ ಹುಡುಗ. ಅದೇ ತೊಂದರೆಯಾದದ್ದು.

ಕಾಲೇಜು ಸಿಕ್ಕ ಮೇಲೆ ಕಟ್ಟಕಡೆಯದು ಅಮೆರಿಕದ ರಾಯಭಾರ ಕಚೇರಿಯಲ್ಲಿ ವೀಸಾ ಸಂದರ್ಶನ. ಅಲ್ಲಿಂದ ಸಿಗ್ದೇಲ್ ಸರ್ ಅವರ ಕೆಲಸ ಶುರು. ಅವರ ತರಗತಿಯನ್ನು ನಾನು ಒಮ್ಮೆ ಕಿಟಕಿಯಿಂದ ನೋಡಿದ್ದೇನೆ. ಹತ್ತಾರು ಮಕ್ಕಳು ಸಾಲಾಗಿ ಕುಳಿತು ಒಂದೇ ರಾಗದಲ್ಲಿ ಉತ್ತರ ಒಪ್ಪಿಸುತ್ತಿದ್ದರು. ಈ ಕಾಲೇಜೇ ಯಾಕೆ? ಈ ವಿಷಯವೇ ಯಾಕೆ? ಓದಿ ಮುಗಿಸಿ ಏನು ಮಾಡುತ್ತೀಯ? ನಾನು ನೇಪಾಳಕ್ಕೆ ವಾಪಸ್ ಬಂದು ದೇಶದ ಸೇವೆ ಮಾಡುತ್ತೇನೆ. ನಮ್ಮ ಗುರುಕುಲದಲ್ಲೂ ಹೀಗೆಯೇ ವೇದ ಹೇಳಿಸುತ್ತಿದ್ದರು. ಒಂದು ಸ್ವರ ತಪ್ಪಿದರೆ ಗುರುಗಳು ತೊಡೆ ಚಿವುಟುತ್ತಿದ್ದರು. ಆದರೆ ನಾವು ಒಪ್ಪಿಸುತ್ತಿದ್ದದ್ದು ಸುಳ್ಳಾಗಿರಲಿಲ್ಲ. ಹೇಗೆ ನಗಬೇಕು, ಹಲ್ಲು ಎಷ್ಟು ಕಾಣಬೇಕು, ಕಣ್ಣಲ್ಲಿ ಕಣ್ಣಿಟ್ಟು ಹೇಗೆ ನೋಡಬೇಕು, ಎಲ್ಲಕ್ಕೂ ಪಾಠ. ದೊಡ್ಡವರ ಕಣ್ಣಲ್ಲಿ ಕಣ್ಣಿಡಬಾರದು ಎಂದು ನಾವು ಹದಿನೆಂಟು ವರ್ಷ ಕಲಿಸಿದ್ದನ್ನು ಇವರು ಹದಿನೆಂಟು ದಿನದಲ್ಲಿ ಮರೆಸಿದರು. ಅದಕ್ಕೂ ನಾನು ಸಿಟ್ಟಾಗಲಿಲ್ಲ. ಊರಿಗೆ ತಕ್ಕ ನಡೆ ಎಂದುಕೊಂಡೆ.

ಈಗ ಬಿಳಿ ಬಟ್ಟೆಯ ಕಥೆಗೆ ಬರುತ್ತೇನೆ. ಸಿಗ್ದೇಲ್ ಸರ್ ಇನ್ನೂ ನಗುತ್ತಿದ್ದಾರೆಯೇ? ಇಲ್ಲ, ನೀರು ಕುಡಿಯುತ್ತಿದ್ದಾರೆ.

ವಸಂತದಲ್ಲಿ ಹೇಟೌಡಾದ ಒಬ್ಬ ಹುಡುಗ ಸಂದರ್ಶನಕ್ಕೆ ಹೋದ. ಅವನ ತಂದೆ ನಿಜವಾಗಿ ತೀರಿಹೋಗಿದ್ದರು, ಅವನು ನಿಜವಾಗಿ ಬರಖಿಯಲ್ಲಿದ್ದ, ಬಿಳಿಯಲ್ಲೇ ಹೋದ. ವೀಸಾ ಸಿಕ್ಕಿತು. ಯಾಕೆ ಸಿಕ್ಕಿತು? ಅವನು ಚೆನ್ನಾಗಿ ಓದಿದ್ದ, ಸಿಕ್ಕಿತು. ಆದರೆ ನಮ್ಮ ಸಿಗ್ದೇಲ್ ಸರ್ ಏನು ಕಂಡುಹಿಡಿದರು? ಬಿಳಿ ಬಟ್ಟೆಗೆ ವೀಸಾ ಸಿಕ್ಕಿತು ಎಂದು ಕಂಡುಹಿಡಿದರು! ವೀಸಾ ಕಿಟಕಿಯ ಆಚೆ ಕೂತ ಅಮೆರಿಕದವರು ಅದೇನೆಂದು ಕೇಳಿದರಂತೆ, ಹುಡುಗ ಹೇಳಿದನಂತೆ, ಅವರ ಮನಸ್ಸು ಕರಗಿತಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು. ಮುಂದಿನ ತಂಡದ ಹುಡುಗರಲ್ಲಿ ಕೆಲವರನ್ನು ಆರಿಸಿ, ನೀವು ಬಿಳಿಯಲ್ಲಿ ಹೋಗಿ ಎಂದರು. ತಂದೆ ಬದುಕಿದ್ದಾರೆ ಎಂದು ಅರ್ಜಿಯಲ್ಲಿ ಬರೆದಿದೆಯಲ್ಲಾ ಸರ್ ಎಂದು ಒಬ್ಬ ಕೇಳಿದನಂತೆ. ಅರ್ಜಿ ತುಂಬಿದ ಮೇಲೆ ಹೋದರು ಅನ್ನು ಎಂದರಂತೆ. ನೋಡಿ, ಎಷ್ಟು ಸುಲಭ. ಕಾಗದದಲ್ಲಿ ನಾವು ಬದುಕಿದ್ದೇವೆ, ಬಾಯಿಮಾತಿನಲ್ಲಿ ಸತ್ತಿದ್ದೇವೆ.

ನೀವು ಕೇಳಬಹುದು, ಅಪ್ಪ ಸತ್ತರೆ ಅಮೆರಿಕದವರಿಗೇನು? ಅವರಿಗೆ ಬೇಕಾದದ್ದು ಹುಡುಗ ವಾಪಸ್ ಬರುತ್ತಾನೆ ಎಂಬ ನಂಬಿಕೆ. ಇದಕ್ಕೊಂದು ಒಳ್ಳೆಯ ಉತ್ತರ ಬೇಕಾಗಿತ್ತು. ಆ ಉತ್ತರ ಸಿಗ್ದೇಲ್ ಸರ್ ತಲೆಯಲ್ಲಿ ಹುಟ್ಟಿದ್ದಲ್ಲ. ಅವರಿಗೆ ಅಷ್ಟು ಶಾಸ್ತ್ರ ಎಲ್ಲಿಂದ ಬರಬೇಕು? ಆ ಉತ್ತರ ಇದು: ನಾನು ಒಬ್ಬನೇ ಮಗ, ವರ್ಷ ತುಂಬಿದಾಗ ತಂದೆಯ ವಾರ್ಷಿಕ ಶ್ರಾದ್ಧ ನಾನೇ ಮಾಡಬೇಕು, ಬೇರೆಯವರು ಮಾಡಿದರೆ ತಂದೆಗೆ ತಲುಪುವುದಿಲ್ಲ, ಆದ್ದರಿಂದ ನಾನು ವಾಪಸ್ ಬರಲೇಬೇಕು. ಕೇಳಿದಿರಾ? ಎಂಥ ಚೊಕ್ಕ ಉತ್ತರ! ಇದನ್ನು ತರಗತಿಯಲ್ಲಿ ಎದ್ದು ನಿಂತು ಹೇಳಿಕೊಟ್ಟವನು ನನ್ನ ಮಗ. ಸಣ್ಣವನಿದ್ದಾಗ ನನ್ನ ಚೀಲ ಹೊತ್ತುಕೊಂಡು ದೇವಘಾಟಕ್ಕೆ ಬರುತ್ತಿದ್ದ. ದರ್ಭೆ ಕೊಡು ಎಂದರೆ ದರ್ಭೆ, ಎಳ್ಳು ಕೊಡು ಎಂದರೆ ಎಳ್ಳು ಕೊಡುತ್ತಿದ್ದ. ಯಾವ ಮಗನಿಗೆ ನಾನು ಏನು ಹೇಳುತ್ತೇನೆಂದು ಕೇಳಿಸಿಕೊಳ್ಳುತ್ತಿದ್ದ. ದೊಡ್ಡವನಾದ ಮೇಲೆ ಬರುವುದು ಬಿಟ್ಟ. ಶಾಲೆಯಲ್ಲಿ ಯಾರೋ ಅವನಿಗೆ, ನಿಮ್ಮಪ್ಪ ಹೆಣದ ಅಕ್ಕಿ ತಿನ್ನೋನು ಕಣೋ ಎಂದಿದ್ದರಂತೆ. ಅದಾದ ಮೇಲೆ ನನ್ನ ಜೊತೆ ದಾರಿಯಲ್ಲಿ ನಡೆಯುವಾಗಲೂ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ. ಆ ಮಾತು ಇಲ್ಲಿಗೆ ಬೇಡ. ಯಾಕೆ ಬಂತೋ ಬಾಯಿಗೆ.

ಸಂದರ್ಶನ ಹತ್ತಿರ ಬಂದಾಗ ನನ್ನ ಮಗ ಹೇಳಿದ, "ಬಾ, ನೀವು ಕಾಠ್ಮಂಡುಗೆ ಬರೋದು ಬೇಡ. ಅಲ್ಲಿ ಎಲ್ಲ ದೊಡ್ಡ ದೊಡ್ಡ ಜನ ಬಂದಿರ್ತಾರೆ. ನಿಮ್ಮ ಧೋತಿ, ಜುಟ್ಟು..." ಪೂರ್ತಿ ಹೇಳಲಿಲ್ಲ. ಸರಿಯಪ್ಪ ಎಂದೆ. ಆದರೆ ಯಾವ ತಂದೆಗೆ ಮನೆಯಲ್ಲಿ ಕೂರಲು ಆಗುತ್ತದೆ? ಹಿಂದಿನ ದಿನವೇ ಬೇರೆ ಬಸ್ಸಿನಲ್ಲಿ ಹೋದೆ. ಬೆಳಗ್ಗೆ ಪಶುಪತಿಯ ದರ್ಶನ ಮಾಡಿ, ಪ್ರಸಾದದ ಹೂವನ್ನು ಎಲೆಯಲ್ಲಿ ಕಟ್ಟಿಸಿಕೊಂಡು ಮಹಾರಾಜಗಂಜಿನ ರಾಯಭಾರ ಕಚೇರಿಯ ಹತ್ತಿರ ಬಂದೆ. ದೂರದಿಂದಲೇ ಹುಡುಕಿ, ಯಾರಿಗೂ ಕಾಣದಂತೆ ಅವನ ಕೈಯಲ್ಲಿ ಹೂವು ಇಟ್ಟು ಹೊರಟುಬಿಡೋಣ ಎಂದು ನನ್ನ ಆಸೆ. ತಲುಪುವಷ್ಟರಲ್ಲಿ ತಡವಾಗಿತ್ತು, ಮಕ್ಕಳು ಒಳಗೆ ಹೋಗಿ ಹೊರಗೂ ಬಂದಿದ್ದರು.

ಅಲ್ಲೊಂದು ಲಸ್ಸಿ ಅಂಗಡಿ. ಅದರ ಮುಂದೆ ಬಿಳಿ ಬಟ್ಟೆಯ ಹುಡುಗರು ಸಾಲಾಗಿ ನಿಂತಿದ್ದಾರೆ. ಬಿಳಿ ಅಂಗಿ, ಬಿಳಿ ಟೋಪಿ, ಬಿಳಿ ಬೂಟು. ಎಳೆಯ ಮಕ್ಕಳು, ಇಷ್ಟು ಜನಕ್ಕೆ ಒಟ್ಟಿಗೇ ಅಪ್ಪ ಅಮ್ಮ ಇಲ್ಲದಂತಾಯಿತೇ ಎಂದುಕೊಂಡೆ. ಆಮೇಲೆ ಕೈ ನೋಡಿದೆ. ಎಲ್ಲರ ಕೈಯಲ್ಲೂ ಲಸ್ಸಿಯ ಗ್ಲಾಸು! ನನ್ನ ಹೆಂಡತಿ ನನಗೆ ಮೊಸರಲ್ಲಿ ಕಲ್ಲು ಹುಡುಕುವವನು ಎಂದು ಹೆಸರಿಟ್ಟಿದ್ದಾಳೆ. ಅಂದು ಕಲ್ಲು ಹುಡುಕುವ ಕಷ್ಟವೇ ಇರಲಿಲ್ಲ. ನಾನು ಸುಮ್ಮನಿರುವವನೇ? ಹೋಗಿ ನಿಂತೆ.

"ಏನ್ರೋ ಬಾಬುಗಳಾ, ಯಾರು ಹೋಗಿದ್ದು? ಬಾನಾ, ಆಮಾನಾ? ಅಪ್ಪನಾ, ಅಮ್ಮನಾ?"

ಒಬ್ಬ ಹಲ್ಲು ಕಿಸಿದು, "ಬಾ ಹೋಗಿದ್ದು, ಪಂಡಿತ್ ಬಾ" ಎಂದ.

"ಬಾ ಹೋದ್ರೆ ಮೊಸರು ಮುಟ್ತಾರೇನೋ ಅಯೋಗ್ಯ? ಲಸ್ಸಿ ಅಂದ್ರೆ ಮೊಸರಲ್ದೆ ಗಂಗಾಜಲ ಅಂದ್ಕೊಂಡ್ಯಾ? ಯಾವನೋ ನಿಮ್ಮನ್ನ ಕ್ರಿಯೆಗೆ ಕೂರಿಸಿದ ಪುರೋಹಿತ? ಹೆಸರು ಹೇಳ್ರೋ, ಅವನ ಕಿವಿ ಹಿಂಡಿ ಬರ್ತೀನಿ!"

"ಹೋಗ್ಲಿ ಬಿಡಿ ಪಂಡಿತ್ ಬಾ, ಸತ್ತಿರೋದು ನಮ್ಮಪ್ಪ, ನಿಮಗ್ಯಾಕೆ ಹೊಟ್ಟೆನೋವು?" ಎಂದ ಇನ್ನೊಬ್ಬ. ಎಲ್ಲರೂ ಘೊಳ್ಳೆಂದರು. ಒಬ್ಬ ಮಾತ್ರ ನಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಆ ಬೆನ್ನು ನನಗೆ ಗೊತ್ತಿರುವ ಬೆನ್ನು. ಭುಜ ಹಿಡಿದು ತಿರುಗಿಸಿದೆ. ನನ್ನ ನಿರಾಜನ್. ಮೇಲ್ತುಟಿಯ ಮೇಲೆ ಲಸ್ಸಿಯ ನೊರೆ.

"ಬಾ," ಎಂದ. ಅಷ್ಟೇ.

ಆಗ ಆ ಮೊದಲನೆಯ ಹುಡುಗ ಕಿರುಚಿದ, "ಓಹೋ! ನಿರಾಜನ್‌ನ ಬಾ ಚಿತೆಯಿಂದ ಎದ್ದು ಬಂದ್ರಲ್ಲೋ!"

ಸಭಿಕರೇ, ನೀವೂ ನಗುತ್ತಿದ್ದೀರಿ. ನಗಿ. ಲಸ್ಸಿ ಅಂಗಡಿಯವನೂ ನಕ್ಕ. ನನ್ನ ಕೈಯಲ್ಲಿ ಪಶುಪತಿಯ ಹೂವು ಇತ್ತು. ಮಗನಿಗೆ ವೀಸಾ ಸಿಕ್ಕಿತ್ತು. ಆ ಗುಂಪಿನಲ್ಲಿ ಅವನೇ ಮೊದಲು ಕಿಟಕಿಗೆ ಹೋದವನು, ಮೊದಲು ಸತ್ತ ಅಪ್ಪ ನಾನೇ, ಆದ್ದರಿಂದ ನನ್ನ ಸಾವನ್ನು ಅವರು ನಂಬಿದರು.

ಆಮೇಲೆ ನೋಡುತ್ತೇನೆ, ಅಂಗಡಿಯಿಂದ ಸ್ವಲ್ಪ ದೂರದಲ್ಲಿ ಪಾದಚಾರಿ ಕಟ್ಟೆಯ ಮೇಲೆ ಇನ್ನೊಬ್ಬ ಬಿಳಿ ಬಟ್ಟೆಯ ಹುಡುಗ. ಕೈಯಲ್ಲಿ ಲಸ್ಸಿ ಇಲ್ಲ. ಅವನನ್ನು ಕ್ರಿಯೆಗೆ ಕೂರಿಸಿದ ಪುರೋಹಿತ ಯಾರೆಂದು ನನಗೆ ಗೊತ್ತು, ಏಕೆಂದರೆ ಅದು ನಾನೇ. ಅವನ ಹೆಸರು ದಿವಸ್ ಖತಿವಡಾ. ಅವನ ತಂದೆ ಬಲಭದ್ರರ ಲಾರಿ ಚೈತ್ರದಲ್ಲಿ ಮುಗ್ಲಿಂಗ್ ರಸ್ತೆಯಿಂದ ತ್ರಿಶೂಲಿ ನದಿಗೆ ಉರುಳಿತು. ಐದು ದಿನ ಹುಡುಕಿದರು. ಸಿಕ್ಕ ದೇಹವನ್ನು ಈ ಹುಡುಗ ಒಬ್ಬನೇ ಗುರುತಿಸಿದ, ತಾಯಿಗೆ ತೋರಿಸಲು ಬಿಡಲಿಲ್ಲ. ಹದಿಮೂರು ದಿನ ನನ್ನ ಮುಂದೆ ಕುಳಿತಿದ್ದ. ಒಂದು ಮಂತ್ರವನ್ನೂ ತಪ್ಪಿಲ್ಲದೆ ಹೇಳಿದ ಹುಡುಗ ಅವನು. ಇದೇ ಸಿಗ್ದೇಲ್ ಸರ್ ತರಗತಿಯಲ್ಲಿ, ನನ್ನ ಮಗನ ಪಕ್ಕದ ಬೆಂಚಿನಲ್ಲಿ ಓದಿದವನು. ನನ್ನ ಮಗನಿಗಿಂತ ಅವನ ಇಂಗ್ಲಿಷ್ ಚೆನ್ನಾಗಿದೆ ಎಂದು ನನ್ನ ಮಗನೇ ಹೇಳುತ್ತಿದ್ದ.

ಸಂದರ್ಶನಕ್ಕೆ ಮೊದಲು ದಿವಸ್ ನನ್ನ ಮನೆಗೆ ಬಂದಿದ್ದ. "ಪಂಡಿತ್ ಬಾ, ಒಂದು ದಿನದ ಮಟ್ಟಿಗೆ ಬಿಳಿ ಬಿಚ್ಚಿ ಬೇರೆ ಬಟ್ಟೆ ಹಾಕ್ಕೊಂಡು ಹೋಗ್ಲಾ? ಅಲ್ಲಿ ಯಾರಾದ್ರೂ ಅಪ್ಪನ ವಿಷಯ ತೆಗೆದ್ರೆ ನಂಗೆ ಮಾತಾಡಕ್ಕಾಗಲ್ಲ" ಎಂದು ಕೇಳಿದ. ನಾನು ಏನು ಹೇಳಬೇಕು? ವರ್ಷ ಎಂದರೆ ವರ್ಷ, ಒಂದು ದಿನಕ್ಕೂ ಬಿಚ್ಚುವಂತಿಲ್ಲ ಎಂದೆ. ಶಾಸ್ತ್ರ ಹೇಳುವುದನ್ನೇ ನಾನು ಹೇಳಿದೆ. ಅದರಲ್ಲಿ ನನ್ನದೇನೂ ಇಲ್ಲ. ಯಾರೂ ಅದರಲ್ಲಿ ನನ್ನದೇನಾದರೂ ಇದೆ ಎಂದು ಹೇಳುವಂತಿಲ್ಲ.

ಸುಳ್ಳು ಬಿಳಿಗಳೆಲ್ಲ ಮುಗಿದ ಮೇಲೆ ಈ ನಿಜದ ಬಿಳಿ ಕಿಟಕಿಗೆ ಹೋಯಿತು. ಆಚೆ ಕುಳಿತವರಿಗೆ ಸಾಕಾಗಿತ್ತು. ಅವರು ಕೇಳಿದರಂತೆ, "ನಿನ್ನ ತಂದೆಯೂ ಸತ್ತರೇ? ಇವತ್ತು ಬೆಳಗ್ಗಿಂದ ನಿಮ್ಮೂರಲ್ಲಿ ಎಷ್ಟು ತಂದೆಯರು ಸತ್ತರಪ್ಪಾ?" ದಿವಸ್ ಅಲ್ಲಿಯೇ ಬಿಕ್ಕಿ ಬಿಕ್ಕಿ ಅತ್ತ. ವೀಸಾ ಇಲ್ಲದೆ ಪಾಸ್‌ಪೋರ್ಟು ವಾಪಸ್ ಬಂತು. ಅವರನ್ನು ನಾನು ಬೈಯುವುದಿಲ್ಲ. ತೋಳ ಬಂತು ತೋಳ ಎಂದು ನಾವೇ ಕೂಗಿ ಕಳಿಸಿದ ಮೇಲೆ ಅವರು ಯಾವುದನ್ನು ನಂಬಬೇಕು?

ಕಟ್ಟೆಯ ಮೇಲೆ ಕುಳಿತು ದಿವಸ್ ಸಿಗ್ದೇಲ್ ಸರ್‌ಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ಇದ್ದೆ. ಫೋನಿನಲ್ಲಿ ಬಂದ ಮಾತು ನನ್ನ ಈ ಎರಡು ಕಿವಿಗಳಿಗೆ ಬಿದ್ದಿದೆ. ಸಿಗ್ದೇಲ್ ಸರ್, ನೀರು ಆಮೇಲೆ ಕುಡಿಯಿರಿ, ಇದು ನಿಮ್ಮದೇ ಮಾತು, ಕೇಳಿಸಿಕೊಳ್ಳಿ:

"ಭಾಯ್, ನಿಂದು ಓವರ್ ಆಯ್ತು ಕಣೋ. ಅಳೋದು ನಾವು ಕ್ಲಾಸಲ್ಲಿ ಮಾಡಿಸಿರ್ಲಿಲ್ಲ ತಾನೇ? ಆಕ್ಟಿಂಗ್ ಜಾಸ್ತಿ ಮಾಡಿದ್ರೆ ಅವ್ರಿಗೆ ಗೊತ್ತಾಗ್ಬಿಡುತ್ತೆ. ನಿರಾಜನ್‌ನ ನೋಡಿ ಕಲಿ."

ನಿರಾಜನ್‌ನ ನೋಡಿ ಕಲಿ! ತಂದೆಯ ಹೆಣವನ್ನು ನದಿಯ ದಡದಲ್ಲಿ ಗುರುತಿಸಿದ ಹುಡುಗ, ತಂದೆ ಪಕ್ಕದ ಬೀದಿಯಲ್ಲಿ ಹೂವು ಹಿಡಿದು ಬರುತ್ತಿರುವಾಗ ಅವನನ್ನು ಸಾಯಿಸಿದ ಹುಡುಗನನ್ನು ನೋಡಿ ದುಃಖಪಡುವುದನ್ನು ಕಲಿಯಬೇಕಂತೆ! ಇಂಥ ವಿದ್ಯೆಗೆ ಈ ಊರಿನಲ್ಲಿ ಬೋರ್ಡು ಹಾಕುತ್ತಾರೆ, ಪಖೇಟಾ ಎಂದು ಬೋರ್ಡಿನ ಮೇಲೆ ರೆಕ್ಕೆ ಬರೆಸುತ್ತಾರೆ, ವರ್ಷಕ್ಕೊಮ್ಮೆ ಹಾಲ್ ಹಿಡಿದು ನಮ್ಮಿಂದಲೇ ಸನ್ಮಾನ ಮಾಡಿಸಿಕೊಳ್ಳುತ್ತಾರೆ. ನಾವು ಬಂದು ಚಪ್ಪಾಳೆ ತಟ್ಟುತ್ತೇವೆ. ನಮಗೆ ನಾಚಿಕೆ ಇದೆಯೇ? ನನ್ನನ್ನೂ ಸೇರಿಸಿ ಕೇಳುತ್ತಿದ್ದೇನೆ, ನಮಗೆ ನಾಚಿಕೆ ಇದೆಯೇ?

ವಾಪಸ್ ಬರುವ ಬಸ್ಸಿನಲ್ಲಿ ಮಗನ ಪಕ್ಕ ಕುಳಿತೆ. ಬಸ್ಸು ನಾಗ್‌ಢುಂಗಾ ಘಾಟಿ ಇಳಿಯಿತು. ಆಮೇಲೆ ಕೇಳಿದೆ, "ಬಾಯಿ ಹೇಗೆ ಬಂತೋ ನಿಂಗೆ?"

"ಬಾ, ಅದು ಬರೀ ಇಂಟರ್ವ್ಯೂ. ಅಲ್ಲಿ ಹೇಳಿದ್ದು ಅಲ್ಲಿಗೇ. ಎಲ್ಲರೂ ಏನಾದ್ರೂ ಹೇಳೇ ಹೇಳ್ತಾರೆ."

"ಎಲ್ಲರೂ ಅಪ್ಪನ್ನ ಸಾಯಿಸ್ತಾರಾ?"

"ನೀವು ದಿನಾ ಊರವರ ಸತ್ತ ಅಪ್ಪಂದಿರ ಮಧ್ಯಾನೇ ಇರ್ತೀರಲ್ಲ ಬಾ. ನಾನು ಒಂದೇ ಒಂದು ಸಲ ನಿಮ್ಮ ಹೆಸರು ಹೇಳಿದ್ದಕ್ಕೆ..."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದ. ನಾನು ಪ್ರಸಾದದ ಎಲೆ ಬಿಚ್ಚಿ ಮತ್ತೆ ಕಟ್ಟಿದೆ. ಬಸ್ಸಿನಲ್ಲಿ ಜನ ಇದ್ದರು.

ಮನೆಗೆ ಬಂದೆ. ಬಾಗಿಲಲ್ಲಿ ಅವನ ಆಮಾ ನಿಂತಿದ್ದಳು. ಬೈತಲೆಯಲ್ಲಿ ಸಿಂಧೂರ, ಕುತ್ತಿಗೆಯಲ್ಲಿ ಮುತ್ತೈದೆಯರ ಹಸಿರು ಮಣಿಸರ ಪೋತೆ, ಕೈತುಂಬ ಕೆಂಪು ಬಳೆ. ತಾಯಂದಿರೇ, ಇದನ್ನು ನಿಮಗಾಗಿ ಹೇಳುತ್ತಿದ್ದೇನೆ. ನಿಮ್ಮ ಮಗ ಅಪ್ಪ ಸತ್ತ ಎಂದು ಹೇಳಿದಾಗ ಸಾಯುವುದು ಅಪ್ಪ ಒಬ್ಬನೇ ಅಲ್ಲ. ಆ ಕಿಟಕಿಯ ಮುಂದೆ ನಿಮ್ಮ ಬಳೆ ಒಡೆದಿದ್ದಾನೆ, ಪೋತೆ ಹರಿದಿದ್ದಾನೆ, ಸಿಂಧೂರ ಒರೆಸಿದ್ದಾನೆ. ಆ ಬಿಳಿ ಅಂಗಿಗೆ ಇಸ್ತ್ರಿ ಹಾಕಿದವಳು ನನ್ನ ಹೆಂಡತಿಯೇ. ತರಗತಿಯವರು ಎಲ್ಲರಿಗೂ ಬಿಳಿ ಹಾಕಲು ಹೇಳಿದ್ದಾರೆ, ಸಮವಸ್ತ್ರ ಎಂದು ಮಗ ಹೇಳಿದ್ದನಂತೆ. ಟೋಪಿಯೂ ಬಿಳಿಯಾಗಿದ್ದಾಗ ನಿನಗೆ ಅನುಮಾನ ಬರಲಿಲ್ಲವೇ ಎಂದು ಕೇಳಿದೆ. ಇಲ್ಲ ಎಂದಳು. ನಂಬಿದ್ದೇನೆ. ನಂಬದೆ ಏನು ಮಾಡಲಿ, ಆ ಮನೆಯಲ್ಲೇ ಊಟ ಮಾಡಬೇಕಲ್ಲ. ಅವಳು ಅಲ್ಲಿ, ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾಳೆ. ಏಳಬೇಡ, ಕುಳಿತುಕೋ. ನಾನು ಇನ್ನೂ ಮುಗಿಸಿಲ್ಲ.

ಎರಡು ದಿನ ಕಳೆದು ಸಿಗ್ದೇಲ್ ಸರ್ ಮನೆಗೆ ಬಂದರು, ಕೈಯಲ್ಲಿ ಮಿಠಾಯಿ ಡಬ್ಬಿ. ನಾನು ಒಂದೇ ಕೇಳಿದೆ. ದಿವಸ್‌ಗೆ ಬುಧವಾರಕ್ಕೆ ಮತ್ತೆ ಸಂದರ್ಶನದ ಕರೆ ಬಂದಿದೆ, ನೀವು ಅವನ ಜೊತೆ ಹೋಗಿ, ಬಿಳಿ ಬಟ್ಟೆಯ ನಾಟಕ ನಮ್ಮದು, ಈ ಹುಡುಗನದು ನಿಜ ಎಂದು ಬರೆದು ಸಹಿ ಮಾಡಿ ಕೊಡಿ ಎಂದೆ. ಅವರು ನನ್ನ ಕೈ ಹಿಡಿದು ಏನೆಂದರು ಗೊತ್ತೇ?

"ಪಂಡಿತ್ ಬಾ, ಹಾಗೆ ಬರೆದುಕೊಟ್ರೆ ನಿಮ್ಮ ಮಗನ ವೀಸಾನೂ ಹೋಗುತ್ತೆ. ಯಾರದೋ ಮನೆ ಹುಡುಗನಿಗೋಸ್ಕರ ಸ್ವಂತ ಮಗನ ಬದುಕಿಗೆ ಕಲ್ಲು ಹಾಕ್ತೀರಾ? ಬನ್ನಿ, ಫಂಕ್ಷನ್ನಲ್ಲಿ ಎರಡು ಶ್ಲೋಕ ಹೇಳಿ. ದಿವಸ್‌ದು ಮುಂದಿನ ಸಲ ನೋಡೋಣ."

ಬರುತ್ತೇನೆ ಎಂದೆ. ಯಾಕೆ ಒಪ್ಪಿದೆ? ಮನೆಯಲ್ಲಿ ಕೂಗಿದರೆ ಹೆಂಡತಿ ಅಳುತ್ತಾಳೆ, ಮಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಇಲ್ಲಿ ಮೈಕಿದೆ.

ಸಿಗ್ದೇಲ್ ಸರ್ ಹೇಳಿದ್ದು ಸುಳ್ಳಲ್ಲ. ನಿಜ ಹೊರಬಿದ್ದರೆ ನನ್ನ ಮಗನ ವೀಸಾ ಹೋಗುತ್ತದೆ, ಅರ್ಕಾನ್ಸಾ ಹೋಗುತ್ತದೆ. ಸೂಟ್‌ಕೇಸು ತುಂಬಿಯಾಗಿದೆ. ಗುಂಡ್ರುಕ್ ಸೊಪ್ಪು ಒಣಗಿಸಿ ಪೊಟ್ಟಣ ಕಟ್ಟಿದ್ದಾಳೆ ಅವನ ಆಮಾ, ಕುಕ್ಕರ್ ಬಟ್ಟೆಗಳ ಮಧ್ಯೆ ಸುತ್ತಿಟ್ಟಿದ್ದಾಳೆ. ನನಗೆ ಸಂಕಟವಾಗುವುದಿಲ್ಲವೇ? ಆಗುತ್ತದೆ. ಆ ಹುಡುಗ ಹೋಗಲಿ ಎಂದು ಅವನಿಗಿಂತ ಹೆಚ್ಚು ಬಯಸಿದವನು ನಾನು. ನನ್ನ ಮಗ ನದಿಯ ದಡದಲ್ಲಿ ಕೂರಬಾರದು, ಅವನಿಗೆ ಯಾರೂ ಹೆಣದ ಅಕ್ಕಿ ಎನ್ನಬಾರದು, ಅವನು ನನ್ನಿಂದ ನಾಲ್ಕು ಹೆಜ್ಜೆ ಅಲ್ಲ, ನಾಲ್ಕು ಸಮುದ್ರ ದೂರ ಹೋಗಲಿ ಎಂದು ದೇವರ ಮುಂದೆ ಬೇಡಿಕೊಂಡವನು ನಾನು. ಹೋಗಲಿ. ಆದರೆ ದಿವಸ್‌ನ ಅಪ್ಪನ ಹೆಣದ ಮೇಲೆ ಕಾಲಿಟ್ಟು ಹೋಗಬೇಕೇ?

ಈಗ ಪುರೋಹಿತನಾಗಿ ಹೇಳುತ್ತೇನೆ. ಬದುಕಿರುವ ತಂದೆಗೆ ಬಿಳಿ ಉಟ್ಟವನಿಗೆ ಏನು ಪ್ರಾಯಶ್ಚಿತ್ತ ಎಂದು ಹುಡುಕಿದೆ, ಸಿಗಲಿಲ್ಲ. ಇಂಥ ಮಗ ಹುಟ್ಟುತ್ತಾನೆ ಎಂದು ಹಿರಿಯರಿಗೆ ಹೊಳೆದಿರಲಿಕ್ಕಿಲ್ಲ. ಆದರೆ ಸತ್ತನೆಂದುಕೊಂಡವನು ಊರಿಗೆ ತಿರುಗಿ ಬಂದರೆ ಏನು ಮಾಡಬೇಕೆಂದು ನಮ್ಮಲ್ಲಿ ಪದ್ಧತಿ ಇದೆ. ಅವನನ್ನು ಕೂಸಿನಂತೆ ಮತ್ತೆ ಸ್ನಾನ ಮಾಡಿಸಿ, ಮತ್ತೆ ಹೆಸರಿಟ್ಟು, ಬದುಕಿದ್ದಾನೆ ಎಂದು ಜನರ ಮುಂದೆ ಹೇಳಬೇಕು. ಯಾರ ಮುಂದೆ ಸತ್ತನೆಂದು ಹೇಳಿದ್ದರೋ ಅವರ ಮುಂದೆಯೇ ಹೇಳಬೇಕು. ನಾನೇ ಹೋಗಿ ಹೇಳಿದರೆ ಆಗುವುದಿಲ್ಲ. ಸತ್ತವನ ಸಾಕ್ಷಿ ಎಲ್ಲಿಯೂ ನಡೆಯುವುದಿಲ್ಲ. ಸಾಯಿಸಿದವನೇ ಹೇಳಬೇಕು.

ನಿರಾಜನ್, ತಲೆ ಎತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ಕಲಿಸಿದ್ದಾರಲ್ಲ, ನೋಡು. ನಾಳೆ ಬೆಳಗ್ಗೆ ಪುಲ್‌ಚೌಕದಿಂದ ಕಾಠ್ಮಂಡುವಿನ ಬಸ್ಸಿಗೆ ದಿವಸ್ ಮತ್ತು ನಾನು ಹತ್ತುತ್ತೇವೆ. ಬುಧವಾರ ಅವನು ಆ ಕಿಟಕಿಯ ಮುಂದೆ ನಿಲ್ಲುತ್ತಾನೆ. ನೀನು ಬಂದು, ಅಲ್ಲಿ ಹೋಗಬೇಕಾದಲ್ಲಿ ಹೋಗಿ, ನನ್ನಪ್ಪ ಬದುಕಿದ್ದಾನೆ, ಇವನಪ್ಪ ಸತ್ತಿದ್ದಾನೆ ಎಂದು ಹೇಳಬೇಕು. ಇಂಗ್ಲಿಷಿನಲ್ಲಿ ಹೇಳು, ಅದಕ್ಕಾಗಿಯೇ ಕಲಿತದ್ದು. ನಿನ್ನ ವೀಸಾ ಉಳಿದರೂ ಸರಿ, ಹೋದರೂ ಸರಿ, ಅದೇ ಬೀದಿಯಲ್ಲಿ ನಿಂತು ನಿನ್ನ ಹಣೆಗೆ ಟೀಕಾ ಇಡುತ್ತೇನೆ, ಎಲ್ಲರೂ ನೋಡುವಂತೆ ಇಡುತ್ತೇನೆ. ಬರದಿದ್ದರೆ ಶುಕ್ರವಾರ ಹೋಗು. ನಾನು ವಿಮಾನಕ್ಕೆ ಅಡ್ಡ ಮಲಗುವವನಲ್ಲ. ಇವತ್ತು ಮಾತ್ರ ಈ ತಟ್ಟೆಯನ್ನು ನಾನು ಮುಟ್ಟುವುದಿಲ್ಲ. ಸಿಗ್ದೇಲ್ ಸರ್ ಇಡಲಿ. ನಿನಗೆ ಹೊಸ ಜನ್ಮ ಕೊಟ್ಟವರು ಅವರು.

ಸಭಿಕರೇ, ಒಂದೇ ಒಂದು ಕೋರಿಕೆ. ನನಗೂ ವಯಸ್ಸಾಗಿದೆ. ನಾನು ಯಾವತ್ತೋ ಒಂದು ದಿನ ನಿಜವಾಗಿ ಹೋಗುತ್ತೇನೆ. ಈ ಹುಡುಗ ನಾಳೆ ಬಸ್ಸಿಗೆ ಬರದೇ ಹೋದರೆ, ಆ ದಿನ ನಿಮ್ಮಲ್ಲಿ ಯಾರೂ ಅವನಿಗೆ ಅಮೆರಿಕಕ್ಕೆ ಫೋನ್ ಮಾಡಬೇಡಿ. ಅವನು ನನಗಾಗಿ ಬಿಳಿ ಉಟ್ಟಾಗಿದೆ. ಒಬ್ಬ ತಂದೆಗೆ ಎರಡು ಸಲ ಉಡುವ ಪದ್ಧತಿ ನಮ್ಮಲ್ಲಿ ಇಲ್ಲ.

ಇಷ್ಟು ಹೊತ್ತು ಮೈಕು ಕಸಿದುಕೊಳ್ಳದ ಅಧ್ಯಕ್ಷರಿಗೆ, ಊಟ ತಣ್ಣಗಾದರೂ ಏಳದ ನಿಮಗೆ, ಹಿಂದಿನ ಬಾಗಿಲ ಬಳಿ ನಿಂತೇ ಇರುವ ದಿವಸ್‌ಗೆ ನಾನು ಋಣಿ. ಎಲ್ಲರಿಗೂ, ಬದುಕಿರುವ ಹೋಮನಾಥ ರಿಜಾಲನ ನಮಸ್ಕಾರ.